ನಿಮ್ಮ ಅಕ್ಷರ ಯಾವುದು ಸಾರ್?

ಮೊದಲೆಲ್ಲ ಮೇಲ್‌ನ ಕೊನೆಯಲ್ಲಿ ಹೆಸರು, ಹುದ್ದೆ, ಫೋನ್ ನಂಬರ್ ಇರುತ್ತಿದ್ದವು. ತೀರಾ ಜಾಸ್ತಿ ಅಂದರೆ ‘ಕಾಗದ ಉಳಿಸಿ, ಪ್ರಿಂಟ್ ತೆಗೆಯಬೇಡಿ’ ಅಂತ ಹಸಿರು ಬಣ್ಣದಲ್ಲಿ ಒಂದು ಸಾಲು. ಈಗ ಅದರ ಕೆಳಗೆ ನಾಲ್ಕು ಇಂಗ್ಲಿಷ್ ಅಕ್ಷರ ಬಂದು ಕೂತಿವೆ. ಐಎನ್‌ಟಿಜೆ. ಇಎಸ್‌ಎಫ್‌ಪಿ. ಅದು ಡಿಗ್ರಿ ಅಲ್ಲ, ಡಿಪ್ಲೊಮಾ ಅಲ್ಲ, ಇಲಾಖೆಯ ಹೆಸರೂ ಅಲ್ಲ. ಅದು ಆ ಮನುಷ್ಯ. ಅವನ ಸಿಟ್ಟು, ಸಂಕೋಚ, ಪ್ರೀತಿ, ಬೆಳಗ್ಗೆ ತಡವಾಗಿ ಏಳುವ ಚಟ ಎಲ್ಲವೂ ಆ ನಾಲ್ಕರಲ್ಲಿ ಅಡಗಿವೆಯಂತೆ.

ಮ್ಯಾಟ್ರಿಮೊನಿ ಪ್ರೊಫೈಲ್‌ನಲ್ಲೂ ಅದೇ ಕಥೆ. ಎತ್ತರ, ಸಂಬಳ, ಗೋತ್ರ, ನಕ್ಷತ್ರ, ಆಮೇಲೆ ‘ಟಿಪಿಕಲ್ ಐಎನ್‌ಎಫ್‌ಪಿ’. ಮಗಳಿಗೆ ಗಂಡು ನೋಡುತ್ತಿರುವ ಪರಿಚಯದವರೊಬ್ಬರು ಇದನ್ನು ಓದಿ, ‘ಇದೇನು ಶುಗರ್ ಥರ ಕಾಯಿಲೆಯೇನ್ರೀ? ಮೊದಲೇ ಹೇಳಿಬಿಟ್ಟಿದಾರೆ ನೋಡಿ, ಮನೆತನ ಒಳ್ಳೇದಿರಬೇಕು’ ಅಂದರು.

ಕಾಯಿಲೆಯಲ್ಲ ಸ್ವಾಮಿ, ಎಂಬಿಟಿಐ. ಮೈಯರ್ಸ್ ಬ್ರಿಗ್ಸ್ ಟೈಪ್ ಇಂಡಿಕೇಟರ್. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಎಂಬ ತಾಯಿ-ಮಗಳು ಸೇರಿ ಕಟ್ಟಿದ್ದು. ಇಬ್ಬರೂ ಮನಃಶಾಸ್ತ್ರ ಕಲಿತವರಲ್ಲ. ಮಗಳು ಓದಿದ್ದು ರಾಜ್ಯಶಾಸ್ತ್ರ, ಬರೆದಿದ್ದು ಪತ್ತೇದಾರಿ ಕಾದಂಬರಿ. ಅದಕ್ಕೆ ಬಹುಮಾನವೂ ಬಂದಿತ್ತು. ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮನುಷ್ಯರ ಬಗೆಗಳ ಮೇಲೆ 1921ರಲ್ಲಿ ಒಂದು ದಪ್ಪ ಪುಸ್ತಕ ಬರೆದರು. 1923ರಲ್ಲಿ ಅದು ಇಂಗ್ಲಿಷಿಗೆ ಬಂದಾಗ ತಾಯಿ ಓದಿ ಮರುಳಾದರು. ಎರಡನೇ ಮಹಾಯುದ್ಧ ಬಂತು, ಗಂಡಸರು ಹೋದರು, ಹೆಂಗಸರು ಕಾರ್ಖಾನೆಗೆ ಬಂದರು. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಅಂತ ಹೇಳೋಕೆ ಮಗಳು ಪ್ರಶ್ನೆಪಟ್ಟಿ ಹೊಸೆದರು. ಮೊದಲನೆಯದು ತಯಾರಾಗಿದ್ದು 1943ರಲ್ಲಿ. ಮನೆಯಲ್ಲಿ ಕೂತು ಇಷ್ಟು ದೊಡ್ಡ ವ್ಯಾಪಾರ ಎಬ್ಬಿಸಿದ ತಾಯಿ-ಮಗಳ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ. ನಮ್ಮಲ್ಲಿ ಇಬ್ಬರು ಹೆಂಗಸರು ಕೂತು ಊರಿನವರ ಸ್ವಭಾವ ವಿಂಗಡಿಸಿದರೆ ಅದನ್ನು ಹರಟೆ ಅನ್ನುತ್ತಾರೆ. ಕಾಸು ಹುಟ್ಟುವುದಿಲ್ಲ.

ಲೆಕ್ಕ ಸುಲಭ. ನಾಲ್ಕು ಜೋಡಿ, ಒಂದೊಂದು ಜೋಡಿಯಿಂದ ಒಂದೊಂದು ಅಕ್ಷರ. ಒಂದನೆಯದು, ನೀವು ಜನರ ಮಧ್ಯೆ ಅರಳುವವರೋ, ಒಬ್ಬರೇ ಇದ್ದಾಗ ಅರಳುವವರೋ. ಎರಡು, ಕಣ್ಣಿಗೆ ಕಂಡದ್ದನ್ನು ನಂಬುತ್ತೀರೋ, ಒಳಗೆ ಹೊಳೆದದ್ದನ್ನೋ. ಮೂರು, ತಲೆಯೋ ಹೃದಯವೋ. ನಾಲ್ಕು, ಎಲ್ಲ ಮೊದಲೇ ತೀರ್ಮಾನಿಸಿ ಇಡುತ್ತೀರೋ, ಬಂದಾಗ ನೋಡಿಕೊಂಡರಾಯ್ತು ಅನ್ನುತ್ತೀರೋ. ಇವನ್ನು ಅದಲುಬದಲು ಮಾಡಿ ಜೋಡಿಸಿದರೆ ಹದಿನಾರು ಡಬ್ಬಿ. ಭೂಮಿಯ ಮೇಲೆ 800 ಕೋಟಿ ಜನ ಇದ್ದೀವಿ. ಸಮನಾಗಿ ಹಂಚಿದರೆ ಡಬ್ಬಿಗೆ 50 ಕೋಟಿ. ಮುಚ್ಚಳ ಹಾಕಿ.

ಇದರ ಪ್ರಶ್ನೆಗಳ ವರಸೆ ನೋಡಬೇಕು. ಪಾರ್ಟಿಗೆ ಹೋದರೆ ಎಲ್ಲರ ಜೊತೆ ಬೆರೆಯುತ್ತೀರಾ, ಗೊತ್ತಿದ್ದವರ ಜೊತೆ ಮಾತ್ರ ನಿಲ್ಲುತ್ತೀರಾ, ಅನ್ನೋ ಧಾಟಿ. ಎರಡೇ ಉತ್ತರ. ಯಾರ ಪಾರ್ಟಿ ಅಂತ ಕೇಳೋ ಹಾಗಿಲ್ಲ. ಹೆಂಡತಿ ಕಡೆಯವರ ನಾಮಕರಣವಾ? ಹಾಸ್ಟೆಲ್ ಗೆಳೆಯರು ಸೇರಿದ್ದಾ? ಅಲ್ಲಿ ನನಗೆ ಸಾಲ ಕೊಟ್ಟವರು ಯಾರಾದರೂ ಬಂದಿದ್ದಾರಾ? ಇದೆಲ್ಲ ಗೊತ್ತಿಲ್ಲದೆ ಹೇಗೆ ಹೇಳೋದು? ನಮ್ಮ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ. ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತರೆ ಕಾವೇರಿ ನೀರಿಂದ ಹಿಡಿದು ಕ್ರಿಕೆಟ್ ಟೀಮಿನ ಆಯ್ಕೆ ತನಕ ಎರಡು ಗಂಟೆ ಒಬ್ಬರೇ ಮಾತಾಡುತ್ತಾರೆ. ಕಟಿಂಗ್ ಮಾಡಿಸಿಕೊಳ್ಳುವುದೂ ಇಲ್ಲ. ಅದೇ ಮನುಷ್ಯ ಮನೆಯಲ್ಲಿ ಊಟಕ್ಕೆ ಕೂತರೆ ಉಪ್ಪು ಬೇಕಾದರೂ ಕೈಸನ್ನೆ. ಇವರನ್ನು ಯಾವ ಡಬ್ಬಿಗೆ ಹಾಕೋಣ? ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಮ್ಮ ಅಜ್ಜಿಯಂದಿರು ಯಾವತ್ತೋ ಬಗೆಹರಿಸಿಟ್ಟ ವಿಷಯ ಇದು. ಅವರಿಗೆ ಒಬ್ಬ ಮನುಷ್ಯನೊಳಗೆ ಇಬ್ಬರು ಮೂವರು ಇರುತ್ತಾರೆ ಅನ್ನೋದು ಗೊತ್ತಿತ್ತು. ಫಾರ್ಮ್‌ಗೆ ಗೊತ್ತಿಲ್ಲ.

ತಲೆಯೋ ಹೃದಯವೋ ಅಂತೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಟ್ಟ ಮೂರು ರೂಪಾಯಿ ಚಿಲ್ಲರೆಗೆ ಇಳಿಯೋ ಸ್ಟಾಪ್ ಬಿಟ್ಟು ಮುಂದಿನ ಸ್ಟಾಪ್ ತನಕ ಜಗಳ ಆಡುವವನನ್ನು ನೋಡಿದ್ದೀನಿ. ಅವನೇ ಅದೇ ಬಸ್ಸಿನಲ್ಲಿ ಪರ್ಸ್ ಕಳಕೊಂಡ ಅಪರಿಚಿತ ಮುದುಕನಿಗೆ ಟಿಕೆಟ್ ತೆಗೆಸಿ, ಮೇಲೆ ಆಟೋಗೆ ಅಂತ ನೂರು ರೂಪಾಯಿ ಕೊಟ್ಟ. ಹತ್ತು ನಿಮಿಷದಲ್ಲಿ ತಲೆಯಿಂದ ಹೃದಯಕ್ಕೆ ಇಳಿದು ಬಂದ.

ತಮಾಷೆ ಇನ್ನೂ ಇದೆ. ಮನುಷ್ಯರ ಸ್ವಭಾವ ಅಳೆದರೆ ಬಹುಪಾಲು ಜನ ಸಿಗೋದು ಮಧ್ಯದಲ್ಲಿ. ಸ್ವಲ್ಪ ಮಾತು, ಸ್ವಲ್ಪ ಮೌನ. ಈ ಪರೀಕ್ಷೆ ಸರಿಯಾಗಿ ಆ ಗುಂಪಿನ ನಟ್ಟನಡುವೆ ಗೆರೆ ಎಳೆಯುತ್ತದೆ. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದವನು ಪಾಸು, 34 ಬಂದವನು ಫೇಲು ಆಗುತ್ತಿದ್ದನಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಆಗ 34 ಮತ್ತು 35ರವರು ಬೇರೆ ಬೇರೆ ಜಾತಿಯ ಪ್ರಾಣಿಗಳು ಅಂತ ಯಾರೂ ಹೇಳುತ್ತಿರಲಿಲ್ಲ. ಇಲ್ಲಿ ಹೇಳುತ್ತಾರೆ. ಗೆರೆಯ ಪಕ್ಕದಲ್ಲಿ ನಿಂತವನು ಒಂದು ಒಳ್ಳೆ ನಿದ್ದೆ ಮಾಡಿ ಬಂದು ಮತ್ತೆ ಪರೀಕ್ಷೆ ಬರೆದರೆ ಆ ಕಡೆಗೆ ಬಿದ್ದಿರುತ್ತಾನೆ. ಐದು ವಾರ ಬಿಟ್ಟು ಮತ್ತೆ ಬರೆಸಿದರೆ ಸುಮಾರು ಅರ್ಧದಷ್ಟು ಜನರ ಅಕ್ಷರ ಬದಲಾಗಬಹುದು ಅಂತ ಈ ಪರೀಕ್ಷೆಯನ್ನು ಪರೀಕ್ಷಿಸಿದವರು ಬರೆದಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಮ್ಮವರು ಅಂದರು. ಈ ಗುಣ ಐದು ವಾರದಲ್ಲಿ ತಾನೇ ಎದ್ದು ಹೋಗುತ್ತದೆ.

ಮನಃಶಾಸ್ತ್ರದವರು ಬೇರೆ ಅಳತೆ ಬಳಸುತ್ತಾರೆ. ಐದು ಗುಣ, ಪ್ರತಿಯೊಂದರಲ್ಲೂ ಎಷ್ಟು ಜಾಸ್ತಿ ಎಷ್ಟು ಕಡಿಮೆ ಅನ್ನೋ ಲೆಕ್ಕ. ಡಬ್ಬಿ ಇಲ್ಲ. ಅದಕ್ಕೇ ಅದನ್ನು ಯಾರೂ ಟೀ ಶರ್ಟ್ ಮೇಲೆ ಹಾಕಿಸಿಕೊಳ್ಳೋದಿಲ್ಲ. ‘ನಾನು ಸರಾಸರಿಗಿಂತ ತುಸು ಜಾಸ್ತಿ ಆತಂಕಪಡುವವನು’ ಅಂತ ಬರೆದುಕೊಂಡರೆ ಯಾವ ಹುಡುಗಿ ಬಲಕ್ಕೆ ಸ್ವೈಪ್ ಮಾಡುತ್ತಾಳೆ?

ಇಷ್ಟಕ್ಕೂ ಮೂಲಪುರುಷ ಯೂಂಗ್ ಏನಂದಿದ್ದರು? ಅಪ್ಪಟ ಒಳಮುಖಿ, ಅಪ್ಪಟ ಹೊರಮುಖಿ ಅಂತ ಯಾರೂ ಇರೋದಿಲ್ಲ, ಇದ್ದರೆ ಅವನು ಹುಚ್ಚಾಸ್ಪತ್ರೆಯಲ್ಲಿರಬೇಕಾಗುತ್ತದೆ ಅನ್ನೋ ಅರ್ಥದ ಮಾತು ಅವರದೇ. ಯೂಂಗ್ ಅಂದಾಗ ನೆನಪಾಯಿತು, ಅವರು ನಮ್ಮ ಮೈಸೂರಿಗೆ ಬಂದಿದ್ದರು. 1937ರ ಕೊನೆಗೆ ಭಾರತಕ್ಕೆ ಬಂದರು. ಕಲ್ಕತ್ತದಲ್ಲಿ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬ ಇತ್ತು. ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಜೊತೆ ಆಳವಾಗಿ ಮಾತಾಡಿದ್ದನ್ನು ಯೂಂಗ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಕಲ್ಕತ್ತದಲ್ಲಿ ಆಮಶಂಕೆ ಹಿಡಿದು ಆಸ್ಪತ್ರೆಯನ್ನೂ ಸೇರಿದರು. ಭಾರತಕ್ಕೆ ಬಂದ ಬಿಳಿಯರೆಲ್ಲ ಈ ಒಂದು ವಿಷಯದಲ್ಲಿ ಒಂದೇ ಬಗೆ.

ಅಷ್ಟು ದೂರ ಬಂದವರು ತಿರುವಣ್ಣಾಮಲೈಗೆ ಮಾತ್ರ ಹೋಗಲಿಲ್ಲ. ರಮಣ ಮಹರ್ಷಿಗಳನ್ನು ನೋಡಲಿಲ್ಲ. ಅದು ಬೇಕಂತಲೇ ಮಾಡಿದ್ದು ಅಂತ ಆಮೇಲೆ ಬರೆದರು. ನನಗೆ ಈ ಪ್ರಸಂಗದಲ್ಲಿ ಕಾಡೋದು ಬೇರೆ. ‘ನಾನು ಯಾರು’ ಅನ್ನೋ ಒಂದೇ ಪ್ರಶ್ನೆ ಹಿಡಿದು ಒಬ್ಬ ಮನುಷ್ಯ ಒಂದು ಗುಡ್ಡದ ಬುಡದಲ್ಲಿ ಬಾಳೆಲ್ಲ ಕಳೆದುಬಿಟ್ಟ. ಈಗ ವೆಬ್‌ಸೈಟ್‌ನಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು. ಬಣ್ಣದ ಗ್ರಾಫ್ ಜೊತೆಗೆ ಬರುತ್ತದೆ. ಮಹರ್ಷಿಗಳಿಗೆ ಮೊದಲಕ್ಷರ ಐ, ಅಂದರೆ ಒಳಮುಖಿ, ಅಂತ ಖಚಿತವಾಗಿ ಬರುತ್ತಿತ್ತು. ‘ಟೀಮ್ ಜೊತೆ ಸಂವಹನ ಸುಧಾರಿಸಬೇಕು’ ಅಂತ ಕೆಳಗೆ ಷರಾ ಬೇರೆ.

ಹದಿನಾರು ಬಗೆಗಳಿಗೆ ಆ ವೆಬ್‌ಸೈಟಿನವರು ಇಟ್ಟಿರುವ ಹೆಸರು ಕೇಳಿ. ಆರ್ಕಿಟೆಕ್ಟ್, ಕಮಾಂಡರ್, ಅಡ್ವೊಕೇಟ್, ಡಿಫೆಂಡರ್, ವರ್ಚುಯೊಸೊ. ಎಲ್ಲರೂ ದೊಡ್ಡವರೇ. ಸೋಮಾರಿ ಅಂತ ಒಂದು ಬಗೆ ಇಲ್ಲ. ಚಾಡಿಕೋರ ಇಲ್ಲ. ಸಾಲ ತಗೊಂಡು ಫೋನ್ ಎತ್ತದವನು ಇಲ್ಲ. ಹಿತ್ತಾಳೆ ಕಿವಿಯವನಿಗೆ ಒಂದು ಅಕ್ಷರ ಬೇಡವಾ? ಯಾವ ಆಫೀಸ್ ತಗೊಂಡರೂ ಅರ್ಧ ಮೇಲಧಿಕಾರಿಗಳು ಆ ಡಬ್ಬಿಯವರು. ಕಡ್ಡಿಯನ್ನು ಗುಡ್ಡ ಮಾಡುವವನು, ಕಂಡವರ ತಟ್ಟೆ ನೋಡುವವನು, ಕೆಲಸದ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುವವನು, ಇವರೆಲ್ಲ ಪರೀಕ್ಷೆಗೆ ಸಿಗದೆ ಎಲ್ಲಿ ಹೋದರು? ಎಲ್ಲೂ ಹೋಗಿಲ್ಲ. ‘ಮುಕ್ತ ಮನಸ್ಸಿನ, ಒತ್ತಡಕ್ಕೆ ಬಗ್ಗದ’ ಅಂತ ಪ್ರಿಂಟ್ ತೆಗೆಸಿಕೊಂಡು ಓಡಾಡುತ್ತಿದ್ದಾರೆ.

1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಮೇಷ್ಟ್ರು ತಮ್ಮ ಕ್ಲಾಸಿನ 39 ವಿದ್ಯಾರ್ಥಿಗಳಿಗೆ ಸ್ವಭಾವದ ಪರೀಕ್ಷೆ ಕೊಟ್ಟರು. ಆಮೇಲೆ ಒಬ್ಬೊಬ್ಬರಿಗೂ ಅವರವರ ಫಲಿತಾಂಶ ಅಂತ ಒಂದೊಂದು ಹಾಳೆ ಕೊಟ್ಟು, ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ. ಬಹುಪಾಲು ಸಾಲುಗಳನ್ನು ಎತ್ತಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ನಮ್ಮ ಬುಡಬುಡಿಕೆಯವರಿಗೆ ಈ ಪ್ರಯೋಗ ಬೇಕಿರಲಿಲ್ಲ. ಬೆಳಗಿನ ಜಾವ ಬಾಗಿಲ ಮುಂದೆ ನಿಂತು, ‘ಹಾಲಕ್ಕಿ ನುಡೀತೈತೆ ತಾಯಿ, ನಿನ್ನ ಮನಸ್ಸು ಹಾಲಿನಂಥದು, ಆದರೆ ನಿನ್ನೋರೇ ನಿನ್ನ ಅರ್ಥ ಮಾಡ್ಕೊಂಡಿಲ್ಲ’ ಅಂದರೆ ಯಾವ ಮನೆಯಲ್ಲಿ ತಪ್ಪಾಗುತ್ತದೆ ಹೇಳಿ? ಅವರು ಇಷ್ಟಕ್ಕೆ ಕೇಳಿದ್ದು ಒಂದು ಹಳೇ ಸೀರೆ, ಒಂದು ಸೇರು ಅಕ್ಕಿ. ಜಿಎಸ್‌ಟಿ ಇರಲಿಲ್ಲ.

ಈ ಅಕ್ಷರದವರೇ ಗಣಕೂಟದ ಮಾತು ಬಂದರೆ ನಗುತ್ತಾರೆ. 27 ನಕ್ಷತ್ರ, ಮೂರು ಗಣ. ದೇವ, ಮನುಷ್ಯ, ರಾಕ್ಷಸ. ಒಂದೊಂದಕ್ಕೆ ಒಂಬತ್ತು. 36 ಗುಣಗಳಲ್ಲಿ ಗಣಕ್ಕೆ ಆರು ಅಂಕ. ಮೂಢನಂಬಿಕೆ ಅಂತ ಪಕಪಕ ನಗುವ ಹುಡುಗ, ತನ್ನದು ಐಎನ್‌ಟಿಜೆ, ಅವಳದು ಇಎಸ್‌ಎಫ್‌ಪಿ, ಕೂಡಿಬರೋದಿಲ್ಲ ಅಂತ ಎರಡನೇ ಕಾಫಿಗೇ ಸಂಬಂಧ ಮುರಿದುಕೊಂಡು ಬರುತ್ತಾನೆ. ಒಂದು ವಿಷಯದಲ್ಲಿ ಮಾತ್ರ ನಮ್ಮ ಜೋಯಿಸರು ಹೆಚ್ಚು ಪ್ರಾಮಾಣಿಕರು. ಒಂಬತ್ತು ನಕ್ಷತ್ರದವರನ್ನು ರಾಕ್ಷಸರು ಅಂತ ಮುಖಕ್ಕೆ ಹೇಳಿಬಿಡುತ್ತಾರೆ.

ನಗುತ್ತಾ ನಗುತ್ತಾ ಇಲ್ಲಿ ಸ್ವಲ್ಪ ಗಂಟಲು ಕಟ್ಟುತ್ತದೆ. ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗೋದಿಲ್ಲ, ಆಶ್ಲೇಷದವಳು ಅತ್ತೆಗೆ ಆಗೋದಿಲ್ಲ ಅಂತ ವರ್ಷಗಟ್ಟಲೆ ಮನೆಯಲ್ಲೇ ಕೂರಿಸಿದ ಹೆಣ್ಣುಮಕ್ಕಳನ್ನು ನಾವೆಲ್ಲ ನೋಡಿದ್ದೀವಿ. ಅವರೇನು ಮಾಡಿದ್ದರು? ಒಂದು ದಿನ ಹುಟ್ಟಿದ್ದರು.

ಸರಿ, ರೆಸಾರ್ಟಿಗೆ ಹೋಗೋಣ. ಆಫೀಸುಗಳಲ್ಲಿ ಎಂಬಿಟಿಐಗೆ ಒಬ್ಬ ದಾಯಾದಿ ಇದ್ದಾನೆ, ಡಿಸ್ಕ್ ಅಂತ. ಅದರಲ್ಲಿ ನಾಲ್ಕೇ ಬಗೆ, ನಾಲ್ಕು ಬಣ್ಣ. ಬೆಳಗ್ಗೆ ಇಡ್ಲಿ ವಡೆ, ಆಮೇಲೆ ಪ್ರಶ್ನೆಪತ್ರಿಕೆ, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಎದೆ ಮೇಲೂ ಬಣ್ಣದ ಬ್ಯಾಡ್ಜ್. ಇದರ ಬೀಜ ಬಿತ್ತಿದವರು ವಿಲಿಯಂ ಮಾರ್ಸ್ಟನ್, 1928ರಲ್ಲಿ. ಭಾರಿ ಆಸಾಮಿ. ರಕ್ತದೊತ್ತಡ ನೋಡಿ ಸುಳ್ಳು ಹಿಡಿಯೋ ವಿಧಾನ ಕಂಡುಹಿಡಿದದ್ದೂ ಇವರೇ. ಅದನ್ನು ಕೋರ್ಟಿಗೆ ತಗೊಂಡು ಹೋದಾಗ 1923ರಲ್ಲಿ ಅಮೆರಿಕದ ನ್ಯಾಯಾಲಯ ಆಗೋದಿಲ್ಲ ಅಂತ ಬಾಗಿಲು ಹಾಕಿತು. ಮುಂದೆ 1941ರಲ್ಲಿ ಇದೇ ಮಹಾನುಭಾವರು ವಂಡರ್ ವುಮನ್‌ನ ಸೃಷ್ಟಿಸಿದರು. ಅವಳ ಕೈಯಲ್ಲೊಂದು ಹಗ್ಗ. ಅದರಲ್ಲಿ ಕಟ್ಟಿಹಾಕಿದರೆ ಯಾರಾದರೂ ಸತ್ಯವನ್ನೇ ಹೇಳಬೇಕು. ಕೋರ್ಟಿನಲ್ಲಿ ಆಗದ್ದು ಕಾಮಿಕ್ಸ್‌ನಲ್ಲಿ ಆಯ್ತು. ಕಾಮಿಕ್ಸ್‌ನಲ್ಲಿ ಆದದ್ದು ಈಗ ರೆಸಾರ್ಟಿನಲ್ಲಿ ಆಗುತ್ತಿದೆ.

ಸುಳ್ಳು ಹಿಡಿಯೋ ಯಂತ್ರಕ್ಕೂ ನಮ್ಮ ರಾಜ್ಯಕ್ಕೂ ಹಳೇ ನಂಟು. ಒಂದು ಕಾಲದಲ್ಲಿ ದೇಶದ ಮೂಲೆಮೂಲೆಯ ಆರೋಪಿಗಳನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೇ ತರುತ್ತಿದ್ದರು. ಟೀವಿಯವರಿಗೆ ಹಬ್ಬ. ಕೊನೆಗೆ 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳಿನ ಪರೀಕ್ಷೆ ಮಾಡುವಂತಿಲ್ಲ. ಅಂದರೆ ಕೊಲೆ ಆರೋಪ ಹೊತ್ತವನಿಗೆ ತನ್ನ ಮನಸ್ಸಿನೊಳಗೆ ಇಣುಕಬೇಡಿ ಅನ್ನೋ ಹಕ್ಕಿದೆ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿರುವ ಹುಡುಗಿಗೆ ಶುಕ್ರವಾರ ಸಂಜೆಯೊಳಗೆ ಫಾರ್ಮ್ ತುಂಬಿ ಕಳಿಸಬೇಕು, ‘ಮ್ಯಾಂಡೇಟರಿ’. ಕೆಲಸಕ್ಕೆ ಆರಿಸಲು ಇದನ್ನು ಬಳಸಬೇಡಿ ಅಂತ ಎಂಬಿಟಿಐ ಮಾರುವವರೇ ಹೇಳುತ್ತಾರೆ. ಸಿಗರೇಟ್ ಪ್ಯಾಕಿನ ಮೇಲೂ ಬರೆದಿರುತ್ತದೆ ಬಿಡಿ.

ಜಪಾನಿನವರು ನಮಗಿಂತ ಮುಂದೆ. ಅಲ್ಲಿ ರಕ್ತದ ಗುಂಪಿನಿಂದ ಸ್ವಭಾವ ಹೇಳುತ್ತಾರೆ. 1927ರಲ್ಲಿ ಫುರುಕಾವ ಅನ್ನುವವರು ಶುರು ಮಾಡಿದ್ದು, 1971ರಲ್ಲಿ ನೋಮಿ ಅನ್ನೋ ಪತ್ರಕರ್ತರ ಪುಸ್ತಕದಿಂದ ಮನೆಮಾತಾಯಿತು. 2011ರ ಸುನಾಮಿ ಆದ ಮೇಲೆ ಪುನರ್ನಿರ್ಮಾಣಕ್ಕೆ ಅಂತ ಒಬ್ಬ ಮಂತ್ರಿಯನ್ನು ಇಟ್ಟರು, ರ್ಯು ಮತ್ಸುಮೊತೊ. ಸಂತ್ರಸ್ತರಾದ ಪ್ರಾಂತಗಳ ಗವರ್ನರುಗಳ ಜೊತೆ ಒರಟಾಗಿ ನಡಕೊಂಡು ಒಂದೇ ವಾರದಲ್ಲಿ ರಾಜೀನಾಮೆ ಕೊಟ್ಟರು. ಯಾಕೆ ಹಾಗೆ ಮಾತಾಡಿದಿರಿ ಅಂದರೆ, ತಮ್ಮ ರಕ್ತ ಬಿ ಗುಂಪಿನದು, ಅದಕ್ಕೇ ಮಾತು ಒರಟು ಅನ್ನೋ ಸಮಜಾಯಿಷಿ ಕೊಟ್ಟರು! ನಮ್ಮ ರಾಜಕಾರಣಿಗಳು ಇನ್ನೂ ‘ನನ್ನ ಹೇಳಿಕೆ ತಿರುಚಲಾಗಿದೆ’ ಅನ್ನೋ ಹಳೇ ಪಾಠಾನೇ ಒಪ್ಪಿಸುತ್ತಿದ್ದಾರೆ. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಡಿ.

ಇಲ್ಲಿಯ ತನಕ ತಮಾಷೆ. ಆದರೆ ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅಂತ ಒಂದು ಏರಿಯಾ ಇದೆ. ಆಟೋದವರಿಗೆ ಹಾಗೆಂದರೆ ಸಾಕು, ಕರೆದುಕೊಂಡು ಹೋಗುತ್ತಾರೆ. ಹೆಸರು ಎಲ್ಲಿಂದ ಬಂತು ಅಂತ ಎಷ್ಟು ಜನ ಕೇಳಿದ್ದೀವಿ? 1871ರಲ್ಲಿ ಬ್ರಿಟಿಷರು ಒಂದು ಕಾನೂನು ತಂದರು. ಕೆಲವು ಜನ ಸ್ವಭಾವದಿಂದಲೇ ಕಳ್ಳರು, ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಅಪರಾಧಿ ಬುಡಕಟ್ಟುಗಳು. ಕೊರಮರು, ಹರಣಶಿಕಾರಿಗಳು ಅಂತ ಇಡೀ ಸಮುದಾಯಗಳೇ ಅಂಥ ಪಟ್ಟಿಗೆ ಹೋದವು. ಆ ಜನರನ್ನು ತಂದು ಕೂಡಿಹಾಕಿದ ಜಾಗಗಳೇ ಸೆಟ್ಲಮೆಂಟುಗಳು. ಹಾಜರಿ ಹಾಕಬೇಕು, ಊರು ಬಿಟ್ಟು ಹೋಗಬೇಕಾದರೆ ಚೀಟಿ ಬೇಕು. ಏನು ಕದ್ದೆ ಅಂತ ಯಾರೂ ಕೇಳಲಿಲ್ಲ. ಯಾವ ಬಗೆಯವನು ಅಂತ ಕೇಳಿದರು. ಕಾನೂನು ರದ್ದಾಗಿದ್ದು 1952ರಲ್ಲಿ. ಆದರೆ ಪೊಲೀಸರ ಮನಸ್ಸಿನ ಪಟ್ಟಿ ರದ್ದಾಗಲಿಲ್ಲ. ಈಗಲೂ ಎಲ್ಲೋ ಕಳ್ಳತನವಾದರೆ ಮೊದಲು ಯಾರ ಕೇರಿಗೆ ಜೀಪು ಹೋಗುತ್ತದೆ ಅಂತ ನಿಮಗೂ ಗೊತ್ತು ನನಗೂ ಗೊತ್ತು.

ರೆಸಾರ್ಟಿನ ಬ್ಯಾಡ್ಜಿಗೂ ಇದಕ್ಕೂ ಏನು ಸಂಬಂಧ, ಎಲ್ಲಿಂದೆಲ್ಲಿಗೆ ಗಂಟು ಹಾಕುತ್ತೀರಿ ಅನ್ನಬಹುದು. ಅದು ಕ್ರೌರ್ಯ, ಇದು ಟೈಮ್‌ಪಾಸ್. ಒಪ್ಪಿದೆ. ಆದರೆ ಎರಡು ಕಡೆಯೂ ಉಪಯೋಗ ಒಂದೇ: ಮನುಷ್ಯನಿಗೆ ಏನಾಯಿತು ಅಂತ ಕೇಳೋ ಕಷ್ಟ ತಪ್ಪುತ್ತದೆ.

ನಮ್ಮಕ್ಕನ ಮಗಳು ಒಂದು ಕಂಪನಿಯಲ್ಲಿದ್ದಾಳೆ. ಚಿಕ್ಕಂದಿನಿಂದ ಬಾಯಿ ಮುಚ್ಚಿದವಳಲ್ಲ. ಮದುವೆ ಮನೆಯಲ್ಲಿ ಅವಳೆಲ್ಲಿದ್ದಾಳೆ ಅಂತ ಹುಡುಕಬೇಕಿಲ್ಲ, ಕೇಳಿಸುತ್ತದೆ. ಈ ಸಲದ ಅಪ್ರೈಸಲ್‌ನಲ್ಲಿ ಬರೆದಿದ್ದಾರೆ: ‘ಇಂಟ್ರೊವರ್ಟ್. ಮೀಟಿಂಗ್‌ಗಳಲ್ಲಿ ಮಾತಾಡುವುದಿಲ್ಲ. ಮುಂದೆ ಬರಬೇಕು.’ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ನಗಲಿಲ್ಲ. ‘ಮಾಮ, ಮೊದಲು ಮಾತಾಡ್ತಿದ್ದೆ. ನಾನು ಶುರು ಮಾಡಿದ ತಕ್ಷಣ, ಅದನ್ನ ಆಮೇಲೆ ನೋಡೋಣ ಅಂತಿದ್ರು. ಮುಂದಿನ ವಾರ ಅದನ್ನೇ ಇನ್ನೊಬ್ಬ ಹೇಳಿದ್ರೆ ಚಪ್ಪಾಳೆ. ಸುಮ್ನೆ ಯಾಕೆ ಅಂತ ಬಿಟ್ಟೆ’ ಅಂದಳು. ಅಷ್ಟೇ ವಿಷಯ. ಇದಕ್ಕೆ ಯೂಂಗ್ ಬೇಕಿಲ್ಲ, ಹದಿನಾರು ಡಬ್ಬಿ ಬೇಕಿಲ್ಲ. ಆ ಬಾಸ್ ಒಂದು ಸಲ ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು. ಆದರೆ ಬಾಸ್‌ದು ಕಮಾಂಡರ್ ಟೈಪ್ ಅಂತೆ, ಅವರಿರೋದೇ ಹಾಗಂತೆ, ಉಳಿದವರು ಅರ್ಥ ಮಾಡಿಕೊಂಡು ನಡಕೊಳ್ಳಬೇಕಂತೆ. ಆಫೀಸಿನ ಖರ್ಚಿನಲ್ಲಿ ಕಮ್ಯುನಿಕೇಶನ್ ಕೋರ್ಸಿಗೆ ಹೋಗುತ್ತಿರುವವಳು ಇವಳು.

ಮುಂದಿನ ತಿಂಗಳು ಅವರ ಆಫೀಸಿನಲ್ಲಿ ಎನಿಯಗ್ರಾಮ್ ಅಂತೆ. ಅದರಲ್ಲಿ ಒಂಬತ್ತು ಬಗೆ. ಊಟ ವೆಜ್ಜೋ ನಾನ್‌ವೆಜ್ಜೋ ಅಂತ ಈಗಲೇ ಫಾರ್ಮ್ ಬಂದಿದೆ, ಎರಡರಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ಇವಳು ಮೊಟ್ಟೆ ಮಾತ್ರ ತಿನ್ನುತ್ತಾಳೆ, ಅದೂ ಶನಿವಾರ ಬಿಟ್ಟು. ಎಲ್ಲಿಗೆ ಟಿಕ್ ಹಾಕಲಿ ಅಂತ ಎಚ್‌ಆರ್‌ಗೆ ಮೇಲ್ ಹಾಕಿದ್ದಾಳೆ. ಉತ್ತರ ಬಂದಿಲ್ಲ.